ಕುಂಕುಮ ಹತ್ತಿದ ಕಾರ್ಡು

ನಾನು ಓದಿದ್ದು ಮೂರನೆಯ ಇಯತ್ತೆ. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತದೆ. ಹಳೆಯ ಬೇಸ್‌ಬಾಲ್ ಕಾರ್ಡು ಕೂಡಿಸಲು ಅಷ್ಟು ಸಾಕು. ಮುಂದೆ ಆಟಗಾರನ ಚಿತ್ರ, ಬೆನ್ನಿಗೆ ನಂಬರು. ಒಂದರಿಂದ ನಾನೂರ ಏಳರ ತನಕ ಒಂದೂ ಬಿಡದೆ ಜೋಡಿಸಿದರೆ ಸೆಟ್ ಪೂರ್ತಿ. ಇದಕ್ಕೆ ಆಟವೂ ತಿಳಿದಿರಬೇಕು ಎನ್ನುವವರು ನನ್ನೆದುರು ಬಂದು ಹೇಳಲಿ.

ಶುರುವಾದದ್ದು ಚಕ್ಕಲಿಯಿಂದ. ನೇಪರ್‌ವಿಲ್‌ನಲ್ಲಿ ಮಗಳ ಮನೆಯ ಹಿಂದಿನ ಬೀದಿಯವರು ಮನೆಯ ಹಳೆ ಸಾಮಾನು ಮಾರಲು ಗ್ಯಾರೇಜ್ ಸೇಲ್ ಇಟ್ಟಿದ್ದರು. ಗಟ್ಟಿ ತಗಡಿನ ಡಬ್ಬಿ ಕಂಡಿತು, ಚಕ್ಕಲಿಗೆ ಆಗುತ್ತದೆಂದು ತಂದೆ. ಮುಚ್ಚಳ ತೆಗೆದರೆ ಒಳಗೆ ನನ್ನ ಮದುವೆಗಿಂತ ಹಳೆಯ ಕಾರ್ಡುಗಳು. ವಾಪಸು ಕೊಡಲು ಹೋದರೆ ಇಟ್ಟುಕೊಳ್ಳಿ ಎಂದು ಕೈಯಾಡಿಸಿದರು. ಡಬ್ಬಿಯಲ್ಲಿ ಚಕ್ಕಲಿ ತುಂಬಿದೆ. ಕಾರ್ಡುಗಳನ್ನು ಜೇಬಿರುವ ಹಾಳೆಗಳ ಆಲ್ಬಮ್ಮಿನಲ್ಲಿ ನಂಬರಿನಂತೆ ಜೋಡಿಸಿದೆ. ಮೂವತ್ತೊಂದು ಕಡಿಮೆ ಬಿದ್ದವು. ಹೆಸರು ಓದಲು ಬಾರದ್ದಕ್ಕೆ ನಾನೇ ಹೆಸರಿಟ್ಟೆ: ಗಲ್ಲದ ತುಂಬ ತಂಬಾಕಿನವ, ಬೀಗರ ಮನೆಯಲ್ಲಿ ಕೂತಂತೆ ಬಿಗಿದುಕೊಂಡವ, ಎಳೆ ಮುಖದ ಹುಡುಗ.

ನಾಲ್ಕು ವರ್ಷ ಭಾನುವಾರ ಬಂದರೆ ಮಗಳನ್ನು ಕಾಡಿ ಬೋಲಿಂಗ್‌ಬ್ರೂಕ್‌ ಕಡೆಯ ಕಾರ್ಡ್ ಶೋಗಳಿಗೆ, ಅಂದರೆ ಹಳೆ ಕಾರ್ಡು ಮಾರುವ ಸಂತೆಗಳಿಗೆ, ಹೋದೆ. ಮೂವತ್ತು ಸಿಕ್ಕವು. ಉಳಿದದ್ದು ಇನ್ನೂರ ಹನ್ನೆರಡು, ಒಂದೇ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಎರಡೂ ಕಾರು, ಮಿಕ್ಸಿ, ಅಳಿಯನ ಲ್ಯಾಪ್‌ಟಾಪು, ಎಲ್ಲಕ್ಕೂ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದೆ. ನಾನು ದಿನಾ ಕೈಯಲ್ಲಿ ಹಿಡಿಯುವ ಸಾಮಾನು ಯಾವುದು? ಕಾರ್ಡು. ಎಲ್ಲರಲ್ಲೂ ಲಕ್ಷಣವಾಗಿದ್ದ ಎಳೆ ಮುಖದ ಹುಡುಗನನ್ನು ಆರಿಸಿ, ಟೊಪ್ಪಿಗೆಯ ಕೆಳಗೆ ಹಣೆಗೆ ಸರಿಯಾಗಿ ಬೊಟ್ಟು ಇಟ್ಟೆ.

ಅಳಿಯ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. "ಅತ್ತೆ, ಏನ್ ಮಾಡ್ಬಿಟ್ರಿ! ಇದು ಅವನ ಮೊದಲನೇ ವರ್ಷದ ಕಾರ್ಡು. ಇಡೀ ಸೆಟ್ಟಲ್ಲಿ ಬೆಲೆ ಇರೋದೇ ಇದಕ್ಕೆ!"

"ನಿಮ್ಮ ಕಾರಿಗೂ ಹಚ್ಚೀನಿ. ಅದೇನು ಓಡೂದು ಬಿಟ್ಟೈತೇನು?"

"ಕಾರು ಒರೆಸಿದ್ರೆ ಹೋಗುತ್ತೆ. ಇದು ಪೇಪರ್!"

ಅವರ ಮಾತು ಸರಿ. ಕಾಗದ ಕುಂಕುಮ ಕುಡಿಯುತ್ತದೆಂದು ನನಗೆ ಹೊಳೆಯಲಿಲ್ಲ, ತಪ್ಪು ನನ್ನದೇ. ಆದರೆ ಆಮೇಲೆ ಅಂದದ್ದು ಸರಿಯಲ್ಲ: "ಇನ್ಮೇಲೆ ಇದು ಸೆಟ್ಟೇ ಅಲ್ಲ ಬಿಡಿ. ಸುಮ್ನೆ ಯಾಕೆ ಇವಳ ಭಾನುವಾರ ಹಾಳ್ಮಾಡ್ತೀರ?" ಸೆಟ್ ಹೌದೋ ಅಲ್ಲವೋ ಹೇಳಲು ಇವರು ಯಾರು? ಬೊಟ್ಟು ಇಟ್ಟದ್ದಕ್ಕೆ ಬೆನ್ನಿನ ನಂಬರು ಹಾರಿತ್ತೇ?

ಇನ್ನೂರ ಹನ್ನೆರಡು ದೂರದ ಊರು ವಾರೆನ್‌ನ ಶೋಗೆ ಬರುತ್ತದೆಂದು ಮಗಳೇ ಫೋನಿನಲ್ಲಿ ನೋಡಿದಳು. ಹತ್ತಿರ ಹತ್ತಿರ ಮುನ್ನೂರು ಮೈಲಿ. ಗಾಡಿ ಹತ್ತುವಾಗ ಅಂದಳು, "ಅವ್ವಾ, ಇದೊಂದ ಸಲ. ಆಮ್ಯಾಲೆ ನನ್ನ ಕೇಳಬ್ಯಾಡ."

"ಆಮ್ಯಾಲೆ ಕೇಳಾಕ ಏನ ಉಳಿತೈತಿ?"

ಅಲ್ಲಿಯ ವ್ಯಾಪಾರಿ ಜುಟ್ಟು ಕಟ್ಟಿದ ಮುದುಕ. ನನ್ನ ಆಲ್ಬಮ್ಮು ತೆರೆದು ಹಾಳೆ ತಿರುವುತ್ತ ಹುಬ್ಬೇರಿಸಿದ, ಮೆಚ್ಚಿದ. ಎಳೆ ಮುಖದ ಹುಡುಗನ ಹತ್ತಿರ ಬಂದು ನಿಂತ. ಮಗಳ ಹತ್ತಿರ ಏನೇನೋ ಹೇಳಿದ.

"ಏನಂತಾನ?"

"ಕಲೆ ಬಿದ್ದ ಕಾರ್ಡ್ ಇದ್ರ ಸೆಟ್ ಪೂರಾ ಆಗಂಗಿಲ್ಲಂತ. ಸ್ವಚ್ಛ ಇದ್ದದ್ದು ಅವನ ಹತ್ರ ಐತಂತ, ಬದಲಿ ಹಾಕ್ರಿ ಅಂತಾನ."

"ಆ ಹುಡುಗ ನನ್ನ ಹತ್ರ ಅದಾನ. ನಾ ಬಂದದ್ದು ಇನ್ನೂರ ಹನ್ನೆರಡಕ್ಕ ಅಂತ ಹೇಳು."

"ಅವ್ವಾ, ಬದಲಿ ಹಾಕಿದ್ರ ಛಲೋನ ಅಲ್ಲೇನ?"

"ಸಣ್ಣಾಕಿದ್ದಾಗ ಒಲಿ ಮ್ಯಾಲೆ ಬಿದ್ದು ಗದ್ದಕ್ಕ ಕಲೆ ಮಾಡ್ಕೊಂಡಿ. ಆಗ ನಾ ಬದಲಿ ತಂದೆನೇನ?"

ಮಗಳು ಗದ್ದ ಮುಟ್ಟಿಕೊಂಡು ನಕ್ಕಳು. ಏನೆಂದರು ಎಂದು ಅವನು ಕೇಳಿದ್ದಕ್ಕೆ ಬದಲಿ ಬೇಡವೆಂದು ತಲೆಯಾಡಿಸಿದಳು. ಅವನು ಹೆಗಲು ಕುಣಿಸಿ, ದುಡ್ಡು ಎಣಿಸಿಕೊಂಡು ಇನ್ನೂರ ಹನ್ನೆರಡು ಕೊಟ್ಟ. ದಪ್ಪ ಕತ್ತಿನ, ನಿದ್ದೆಗಣ್ಣಿನ ಗಂಡಸು. ಇಂಥವನಿಗಾಗಿ ನಾಲ್ಕು ವರ್ಷ!

ನನ್ನ ಪರ್ಸಿನಲ್ಲಿ ಕುಂಕುಮದ ಭರಣಿ ಯಾವಾಗಲೂ ಇರುತ್ತದೆ. ಮಗಳ ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಕುಂಕುಮ ಮುಟ್ಟಿ, ಅಲ್ಲೇ ಅವನ ಮೇಜಿನ ಮೇಲೆ ನಿದ್ದೆಗಣ್ಣಿನವನ ಹಣೆಗೂ ಇಟ್ಟೆ. ಮುದುಕ "ನೋ, ನೋ" ಎಂದು ಎದ್ದು ನಿಂತ. ಕಾಗದ ಕುಡಿಯುತ್ತದೆಂದು ಈ ಸಲ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿಂದ ಊದಿ ಆರಿಸಿ, ಆಲ್ಬಮ್ಮಿನಲ್ಲಿ ಖಾಲಿಯಿದ್ದ ಜೇಬಿಗೆ ತೂರಿಸಿ, ಅದನ್ನು ಮತ್ತೆ ಅವನ ಕಡೆ ತಳ್ಳಿದೆ.

"ಒಂದರಿಂದ ಎಣಿಸು ಅನ್ನು ಅವಗ," ಎಂದು ಮಗಳಿಗೆ ಹೇಳಿದೆ. "ನಾ ಕುಂತಿರ್ತೀನಿ."