ಬೋರಣ್ಣನ ಕಬ್ಬಿಣ

ಹಿರಿಯೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಗೋಡೆಗೆ ಅಂಟಿಕೊಂಡೇ ಬೋರಣ್ಣನ ವೆಲ್ಡಿಂಗ್ ಶೆಡ್ಡು. ನನ್ನ ಗಂಡ ನಿರಂಜನ್‌ಗೆ ಅಲ್ಲಿನ ಹೈಸ್ಕೂಲಿಗೆ ವರ್ಗವಾದದ್ದು ತೊಂಬತ್ತೇಳರಲ್ಲಿ. ಮಗಳು ಕೀರ್ತನಾಗೆ ಆಗ ಒಂಬತ್ತು ತಿಂಗಳು. ಮೈಸೂರಿನಲ್ಲಿ ಓದಿ ಬೆಳೆದ ನನಗೆ ಆ ಶೆಡ್ಡು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಕಿಡಿ ಹಾರಿ ಮಗುವಿನ ಕಣ್ಣಿಗೆ ಬಿದ್ದರೆ? ತುಕ್ಕು ಹಿಡಿದ ಮೊಳೆ ತುಳಿದರೆ? ಧನುರ್ವಾಯು ಚುಚ್ಚುಮದ್ದಿನ ಚೀಟಿಯನ್ನು ಕ್ಯಾಲೆಂಡರಿಗೆ ಸಿಕ್ಕಿಸಿ ದಿನಕ್ಕೆರಡು ಸಲ ನೋಡಿಕೊಳ್ಳುತ್ತಿದ್ದೆ.

ಆ ಬೀದಿಯಲ್ಲಿ ಒಂದು ಮಾತಿತ್ತು. ಯಾರಾದರೂ ಒಂದಕ್ಕೆ ಹತ್ತು ಸೇರಿಸಿ ಹೇಳಿದರೆ, ಎದುರಿನ ಟೀ ಅಂಗಡಿಯ ರಂಗಯ್ಯ ಸೌಟು ಬಡಿದು, "ಇದೂ ಬೋರಣ್ಣನ ಕಬ್ಬಿಣ ಆತಲ್ಲಪ್ಪ!" ಎನ್ನುತ್ತಿದ್ದ. ಕುಳಿತವರೆಲ್ಲ ನಗುತ್ತಿದ್ದರು. ಬೋರಣ್ಣನೂ ಅಲ್ಲೇ ಇರುತ್ತಿದ್ದ. ಸಾಸರಿಗೆ ಟೀ ಬಗ್ಗಿಸಿಕೊಂಡು ಊದುತ್ತಿದ್ದ.

ಅದರ ಹಿಂದಿನ ಕಥೆ ಇಷ್ಟೇ. ಬೋರಣ್ಣ ಹರೆಯದಲ್ಲಿ ಮಿಲಿಟರಿಯಲ್ಲಿ ಡ್ರೈವರಾಗಿದ್ದವನು. ಒಂಬತ್ತು ವರ್ಷ ಜೀಪು ಓಡಿಸಿ, ಗುಂಡಿನ ಸದ್ದಿಗೆ ಎಡಗಿವಿ ಕಳಕೊಂಡು ಊರಿಗೆ ಬಂದ. ಬಂದ ಹೊಸದರಲ್ಲಿ ಹೇಳಿದನಂತೆ: ಅಸ್ಸಾಮಿನ ಕಡೆ ಒಂದು ಹೊಳೆ ದಾಟುವಾಗ, ಜೀಪಿನ ಹಿಂದೆ ಕಟ್ಟುವ ಎರಡು ಗಾಲಿಯ ಟ್ರೈಲರನ್ನು ನೀರಿನ ಮೇಲೆ ತೇಲಿಸಿಕೊಂಡು ಹೋಗಿದ್ದೆವು, ಸಾಮಾನು ನೆನೆಯಲಿಲ್ಲ ಎಂದು. "ಕೊಪ್ಪರಿಗೆ ತೇಲತ್ತೆ, ಒಪ್ಪಿದೆ. ಗಾಲಿ, ಅಚ್ಚು, ಸ್ಪ್ರಿಂಗ್ ಪಟ್ಟಾ ಎಲ್ಲಾ ಇರೋ ಗಾಡಿ ತೇಲತ್ತೇನಲೇ?" ಎಂದು ಆವತ್ತು ಎದ್ದ ನಗು ಇಪ್ಪತ್ತೈದು ವರ್ಷವಾದರೂ ನಿಂತಿರಲಿಲ್ಲ.

"ಊರೋರು ನಗ್ಲಿ ತಾಯಿ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ. "ನಮ್ಮ ಈರಕ್ಕನೂ ನಂಬಲಿಲ್ಲ ನೋಡ್ರಿ. ನಾನು ಹೇಳಿದ್ದಕ್ಕೆಲ್ಲ ಹ್ಞೂಂ ಅಂತಾಳೆ, ಇದೊಂದಕ್ಕೆ ಅನ್ನಲ್ಲ. ಅವಳು ಒಂದ್ಸಲ ಹ್ಞೂಂ ಅಂದಿದ್ರೆ ಈ ರಂಗಯ್ಯನ ಮಾತು ನನಗ್ಯಾವ ಲೆಕ್ಕ?"

ಈರಕ್ಕ ಅವನ ಹೆಂಡತಿ. ಗಟ್ಟಿ ಹೆಂಗಸು, ನಾಲಗೆಯೂ ಅಷ್ಟೇ ಗಟ್ಟಿ. ಒಳಗಿನಿಂದಲೇ ಕೂಗಿದಳು: "ಸುಳ್ಳಿಗೆ ಹ್ಞೂಂ ಅಂದ್ರೆ ನನಗೂ ಪಾಪ ಬರತ್ತೆ ಕಣ್ರಿ!"

ತೊಂಬತ್ತೆಂಟರ ಬೇಸಿಗೆಯಲ್ಲಿ ಬೋರಣ್ಣ ಗೇಟು ಕೂರಿಸಲು ಯಲ್ಲದಕೆರೆಗೆ ಹೋದ. ಅಲ್ಲಿ ಕುರಿ ಸಾಕುವ ಚಿತ್ತಮ್ಮನ ದೊಡ್ಡಿಯಲ್ಲಿ ಕುರಿಗಳಿಗೆ ನೀರು ಕುಡಿಸುವ ಕಬ್ಬಿಣದ ತೊಟ್ಟಿ ಅರ್ಧ ಮಣ್ಣಲ್ಲಿ ಹೂತು ಕೂತಿತ್ತು. ವರ್ಷಕ್ಕೊಂದು ಸಲ ಸುಣ್ಣ, ಕೆಮ್ಮಣ್ಣು ಬಳಿದು ಬಳಿದು ಮೈಮೇಲೆ ಬೆರಳು ದಪ್ಪದ ಪದರ. ಕೈ ತೊಳೆಯಲು ಬಗ್ಗಿದವನಿಗೆ ತಳದಲ್ಲಿ, ಹಿಂದೊಂದು ಮುಂದೊಂದು, ಮರದ ಗೂಟ ಜಡಿದ ಎರಡು ತೂತು ಕಂಡವು. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟನಂತೆ. ಆ ಟ್ರೈಲರುಗಳಿಗೆ ಮಾತ್ರ ಅಂಥ ತೂತು. ಒಳಗೆ ನೀರು ನಿಂತರೆ ಬಿಡಲು ತೆಗೆಯಬೇಕು, ಹೊಳೆಗಿಳಿಯುವ ಮುಂಚೆ ಬಿರಡೆ ಹಾಕಬೇಕು. ಬೆರಳಲ್ಲಿ ಕೆರೆದರೆ ಸುಣ್ಣ, ಅದರಡಿ ಕೆಮ್ಮಣ್ಣು, ಅದರಡಿ ಪಾಚಿ ಹಸಿರು ಬಣ್ಣ, ಮಿಲಿಟರಿ ಗಾಡಿಗಳ ಮೇಲಿರುವಂಥ ಮೇಲ್ಮುಖವಾದ ಒಂದು ಬಾಣದ ಗುರುತು.

"ಇದರ ಮೈಮೇಲೆ ಒಂದು ಹಿತ್ತಾಳೆ ತಗಡು ಇರಬೇಕಲ್ಲ ಅಕ್ಕ? ನಂಬರ್ರು, ಹೆಸರು ಎಲ್ಲ ಕೊರೆದಿರೋದು?"

"ಐತಲ್ಲ! ಬರಹ ಇರೋದನ್ನ ಕುರಿ ಕಾಲಲ್ಲಿ ತುಳಿಯಕ್ಕೆ ಬಿಡ್ತಾರೇನಪ್ಪ? ನಾನು ಮದುವೆಯಾಗಿ ಬಂದ ವರ್ಷವೇ ಕಿತ್ತು ದೇವರ ಗೂಡಲ್ಲಿ ಇಟ್ಟೀನಿ," ಎಂದಳು ಚಿತ್ತಮ್ಮ.

ತಂದು ತೋರಿಸಿದಳು. ಕನ್ನಡಿಯಂತೆ ಫಳಫಳ ಹೊಳೆಯುವ ತಗಡು. ಪ್ರತಿ ಹಬ್ಬಕ್ಕೂ ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ಮೂವತ್ತು ವರ್ಷ ಪೂಜೆ ಮಾಡಿದ್ದಳು. ಅಕ್ಷರವೊಂದೂ ಉಳಿದಿರಲಿಲ್ಲ.

ಬೋರಣ್ಣ ಹೊಸ ತೊಟ್ಟಿಯೊಂದನ್ನು ಬೆಸೆದುಕೊಟ್ಟು ಹಳೆಯದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ತಗಡನ್ನು ವಾಪಸು ಕೊಡುತ್ತೇನೆಂದು ದೇವರ ಮುಂದೆ ಆಣೆ ಮಾಡಿ ತಂದಿದ್ದ. ರಂಗಯ್ಯ ಅದನ್ನು ತಿರುಗಿಸಿ ನೋಡಿ, "ಮುಖ ನೋಡ್ಕಂಡು ತಲೆ ಬಾಚ್ಕಳಕ್ಕೆ ಚೆನ್ನಾಗೈತೆ ಬಿಡಣ್ಣ," ಎಂದ.

ಬೋರಣ್ಣನ ಮುಖ ನೋಡಲಾರದೆ ಆವತ್ತು ನಾನು ಮೊದಲ ಸಲ ಶೆಡ್ಡಿನ ಒಳಗೆ ಹೋದೆ. ಸ್ಕೂಲಿನಲ್ಲಿ ನಾವು ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೇ ಆ ತಗಡಿನ ಮೇಲೂ ಉಜ್ಜಿದೆ. ಬಹಳ ಹೊತ್ತು ಬರೀ ಕಪ್ಪು. ಆಮೇಲೆ ಮೂಲೆಯಲ್ಲಿ, ಆಳವಾಗಿ ಹೊಡೆದ ಅಂಕಿಗಳು ಮಸುಕಾಗಿ ಎದ್ದವು: ಒಂದು, ಗೆರೆ, ನಾಲ್ಕು.

"ಕಾಲು ಟನ್ನು. ಜೀಪಿನ ಟ್ರೈಲರು ಹೊರೋ ಭಾರ," ಎಂದ ಬೋರಣ್ಣ. "ಅದೇ ಇದು ತಾಯಿ. ಅದೇ." ಹಾಳೆಯನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಆರು ತಿಂಗಳು ಅದರ ಹಿಂದೆ ಬಿದ್ದ. ಪದರ ಕೆರೆದ. ತುಕ್ಕು ತಿಂದ ಕಡೆ ಕತ್ತರಿಸಿ ಹೊಸ ತಗಡು ಬೆಸೆದ. ಹೊಳಲ್ಕೆರೆಯ ಗುಜರಿಯಿಂದ ಹಳೇ ಜೀಪಿನ ಅಚ್ಚು, ಗಾಲಿ ತಂದ. ಎಳೆಯುವ ಕೊಂಡಿಯನ್ನು ಮೂರು ಸಲ ಮಾಡಿ ಮೂರು ಸಲ ಬಿಸಾಕಿದ. ಕೊಳೆತ ಗೂಟ ಕಿತ್ತು, ತೂತುಗಳಿಗೆ ತಿರುಪಿನ ಗೆರೆ ಕೊರೆಸಿ, ಚಿತ್ರದುರ್ಗದ ಲೇತಿನಲ್ಲಿ ಎರಡು ಹಿತ್ತಾಳೆ ಬಿರಡೆ ಕಡೆಸಿದ. ಎಲ್ಲ ಮುಗಿಯುವಾಗ ಕೆರೆಯಲ್ಲಿ ನೀರಿರಲಿಲ್ಲ. ನಮ್ಮ ಕಡೆ ತೇಲಿಸಿ ತೋರಿಸುತ್ತೇನೆ ಎನ್ನುವುದು ಸುಲಭ, ನೀರಿಗೆ ಕಾಯಬೇಕು. ಎರಡು ವರ್ಷ ಕಾದ. "ಮಳೆರಾಯನೂ ನಿನ್ನ ಮಾನ ಉಳಿಸ್ತಾನೆ ನೋಡಣ್ಣ!" ಎಂದು ರಂಗಯ್ಯ ಚುಡಾಯಿಸುತ್ತಿದ್ದ. ಎರಡು ಸಾವಿರದ ಇಸವಿಯ ಹಿಂಗಾರಿನಲ್ಲಿ ಯಲ್ಲದಕೆರೆಯ ಕೆರೆಗೆ ಎದೆಮಟ್ಟ ನೀರು ಬಂತು.

ಒಂದು ಭಾನುವಾರ ಹೊರಟೆವು. ಮುಂದೆ ಬಾಡಿಗೆ ಜೀಪು, ಹಿಂದೆ ಹಸಿರು ಟ್ರೈಲರು, ಅದರ ಹಿಂದೆ ಟೀ ಅಂಗಡಿಯ ಪಟಾಲಂ. ನಾನು ಕೀರ್ತನಾಳ ಸೊಂಟಕ್ಕೆ ವೇಲಿನ ತುದಿ ಕಟ್ಟಿ ಇನ್ನೊಂದು ತುದಿ ನನ್ನ ಕೈಗೆ ಸುತ್ತಿಕೊಂಡಿದ್ದೆ. ಕೆರೆಯಲ್ಲವೇ.

ದಡದಲ್ಲಿ ಬೋರಣ್ಣ ಡಬ್ಬಿ ತೆರೆದ. ತಡಕಾಡಿದ. ಬೋರಲು ಹಾಕಿದ.

"ಎರಡು ಬಿರಡೆ ಇಟ್ಟಿದ್ದೆ. ಒಂದೇ ಐತೆ."

ಮೂರು ದಿನದ ಕೆಳಗೆ ಶೆಡ್ಡಿನ ಕಡೆಯಿಂದ ಬಂದ ಮಗಳ ಬಾಯಲ್ಲಿ ಏನೋ ಹೊಳೆದದ್ದು ಕಂಡು ಕಸಿದುಕೊಂಡು, ಸಿಕ್ಕದಿರಲಿ ಎಂದು ಅಟ್ಟದ ಮೇಲೆ ಎಸೆದಿದ್ದೆ. ಏನೆಂದು ತಿರುಗಿಸಿಯೂ ನೋಡಿರಲಿಲ್ಲ. ಬೋರಣ್ಣನಿಗೆ ಅದನ್ನು ಹೇಳುವಾಗ ಅಳುವೇ ಬಂತು.

"ಮಗು ನುಂಗಲಿಲ್ವಲ್ಲ, ಬಿಡ್ರಿ," ಎಂದ ಬೋರಣ್ಣ. ಆದರೆ ಅವನ ಹೆಗಲು ಇಳಿದುಹೋಗಿತ್ತು.

"ಹೋಗಾಣ ನಡೀರಪ್ಪ," ಎಂದ ರಂಗಯ್ಯ. "ಕಬ್ಬಿಣಕ್ಕೂ ಈಜು ಮರ್ತೋಗೈತೆ."

ಆಗ ಈರಕ್ಕ ಊಟದ ಗಂಟು ಬಿಚ್ಚಿದಳು. ಒಂದು ರಾಗಿಮುದ್ದೆ ತೆಗೆದು, ಸೆರಗಿನ ಅಂಚು ಹರಿದು ಅದರಲ್ಲಿ ಸುತ್ತಿ, ಟ್ರೈಲರು ಹತ್ತಿ ತೂತಿಗೆ ಹಿಮ್ಮಡಿಯಲ್ಲಿ ಜಡಿದಳು.

ಬೋರಣ್ಣ ತಲೆಯಾಡಿಸಿದ. "ನೀರು ಕೆಳಗಿಂದ ನೂಕತ್ತೆ ಕಣೇ, ನಿಲ್ಲಲ್ಲ. ಯಾರಾದ್ರೂ ಒಳಗೆ ಕೂತು ಅದುಮಿ ಹಿಡ್ಕಬೇಕು."

ಪಟಾಲಮ್ಮಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಗಯ್ಯನಿಗೆ ಇದ್ದಕ್ಕಿದ್ದಂತೆ ಬೀಡಿ ನೆನಪಾಯಿತು.

"ನಾನು ಕುಂತೇ ಇದೀನಲ್ಲ, ತಳ್ರಿ," ಎಂದಳು ಈರಕ್ಕ.

"ನೀನು ನಂಬಲ್ಲಲ್ಲೇ?"

"ನಂಬದೇನೇ ಇಷ್ಟು ವರ್ಷ ಬಾಳಿಲ್ವಾ? ತಳ್ರಿ ಅಂದ್ರೆ. ಮುದ್ದೆ ಒಣಗತ್ತೆ."

ತಳ್ಳಿದರು. ಗಾಲಿ ಮುಳುಗಿತು, ಅಚ್ಚು ಮುಳುಗಿತು. ಮುಂಭಾಗ ಒಮ್ಮೆ ಕುಸಿದಾಗ ಈರಕ್ಕ ದೇವರ ಹೆಸರು ಹೇಳುತ್ತ ಅಂಚು ಹಿಡಿದಳು. ನಾನು ಕಣ್ಣು ಮುಚ್ಚಿದೆ. ತೆಗೆದಾಗ ಟ್ರೈಲರು ಬಾತುಕೋಳಿಯಂತೆ ನಿಧಾನ ತಿರುಗುತ್ತ ನೀರ ಮೇಲಿತ್ತು. ಬೋರಣ್ಣ ಎದೆಮಟ್ಟ ನೀರಲ್ಲಿ ಅದರ ಪಕ್ಕ, ಎರಡು ಬೆರಳಲ್ಲಿ ಕೊಂಡಿ ಹಿಡಿದು ನಡೆಯುತ್ತಿದ್ದ, ಹಸುವನ್ನು ಹಿಡಿದುಕೊಂಡು ಬರುವವನ ಹಾಗೆ. ದಡದಲ್ಲಿ ರಂಗಯ್ಯ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದಿದ್ದ.

ಬೋರಣ್ಣ ದಡದ ಕಡೆ ನೋಡಲೇ ಇಲ್ಲ. "ಏನೇ? ಈಗಾದ್ರೂ?" ಎಂದ ಹೆಂಡತಿಗೆ.

"ಮೊದ್ಲು ದಡ ಸೇರಿಸ್ರಿ. ಕಾಲು ಜೋಮು ಹಿಡಿದೈತೆ," ಎಂದಳು ಜೋರಾಗಿ. ದಡದ ಹತ್ತಿರ ಬಂದಾಗ, ಅವನ ಎಡಗಿವಿಯ ಕಡೆ ಬಗ್ಗಿ, ನೀರಿನಂಚಿನಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಹ್ಞೂಂ" ಅಂದಳು. ಕೇಳದ ಕಿವಿಗೆ.

ನೋಡಲು ಬಂದಿದ್ದ ಚಿತ್ತಮ್ಮ ಬೋರಣ್ಣನಿಂದ ತಗಡು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ಇನ್ನು ಹುಣಸೆಹಣ್ಣು ಹಚ್ಚಲ್ಲಪ್ಪ, ಬರೀ ಹೂವ ಇಡ್ತೀನಿ," ಎಂದಳು.

ಮರುದಿನ ಏಣಿ ಹಾಕಿಸಿ ಅಟ್ಟದಿಂದ ಬಿರಡೆ ಇಳಿಸಿ ಶೆಡ್ಡಿಗೆ ಕೊಂಡೊಯ್ದೆ. ಗೋಡೆಯ ಮೇಲೆ ನನ್ನ ಪೆನ್ಸಿಲ್ ಹಾಳೆಗೆ ಕಟ್ಟು ಹಾಕಿಸಿ ತೂಗಿಸಿದ್ದ. ನನಗೆ ಮನಸ್ಸು ತಡೆಯಲಿಲ್ಲ. ಅವನ ಬಲಗಡೆ ಹೋಗಿ, "ನಿನ್ನೆ ಈರಕ್ಕ ಒಂದು ಮಾತು ಹೇಳಿದರು, ನಿಮಗೆ ಕೇಳಿಸಲಿಲ್ಲ," ಎಂದೆ.

ಬೋರಣ್ಣ ಬಿರಡೆಯನ್ನು ತೂತಿಗಿಟ್ಟು ಮೆಲ್ಲಗೆ ತಿರುಗಿಸಿದ.

"ಗೊತ್ತು ತಾಯಿ. ಕಿವಿ ಹೋದಾಗಿಂದ ಅವಳ ತುಟಿ ನೋಡಿಯೇ ಬಾಳ್ತಾ ಇದೀನಿ," ಎಂದ. "ನನಗೆ ಗೊತ್ತಾತು ಅಂತ ಅವಳಿಗೆ ಹೇಳಬೇಡ್ರಿ. ಕೇಳಲಿಲ್ಲ ಅಂತ್ಲೇ ತಿಳ್ಕಂಡಿರಲಿ."