ಬೇಕರಿಗೆ ಹೋಗಿ ಮನೆಗೆ

ಮಾರಿಬಿಕ್ ಮಾಡುವ ಕೆಲಸಕ್ಕೆ ಅವಳ ಕೇರಿಯಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಮನಿಲಾದ ಅಂಚಿನ ಕೈಂಟಾದ ಜನ ‘ಅವಳು ಕಂಪ್ಯೂಟರ್‌ನಲ್ಲಿದ್ದಾಳೆ’ ಎಂದು ಸುಮ್ಮನಾಗುತ್ತಾರೆ. ಊರೂರಿನವರು ಫೋನಿಗೆ ಹಾಕುವ ವಿಡಿಯೊಗಳಲ್ಲಿ ನೋಡಬಾರದ್ದನ್ನೆಲ್ಲ ಮೊದಲು ತಾನು ನೋಡಿ, ಮಿಕ್ಕವರ ಕಣ್ಣಿಗೆ ಬೀಳದಂತೆ ಅಳಿಸುವುದು ಅವಳ ಕೆಲಸ. ಅಪಘಾತ, ಕೊಲೆ, ನೇಣು. ನಾವು ಊಟ ಮಾಡುತ್ತಾ ನೆಮ್ಮದಿಯಾಗಿ ಫೋನ್ ನೋಡುತ್ತೇವಲ್ಲ, ಆ ನೆಮ್ಮದಿಗಾಗಿ ನಿದ್ದೆಗೆಡುವವಳು ಅವಳು.

ಆಫೀಸಿಗೆ ಹೋಗುತ್ತಿದ್ದಾಗ ಅದಕ್ಕೊಂದು ದಾರಿ ಕಂಡುಕೊಂಡಿದ್ದಳು. ಅವರ ಕಡೆ ಸಾವಿನ ಮನೆಯಿಂದ ಯಾರೂ ನೆಟ್ಟಗೆ ಮನೆಗೆ ಬರುವುದಿಲ್ಲ. ನಡುವೆ ಬೇರೆಲ್ಲಾದರೂ ಹೊಕ್ಕು ಬರಬೇಕು, ಇಲ್ಲವಾದರೆ ಸತ್ತವರು ಬೆನ್ನು ಹತ್ತಿ ಬರುತ್ತಾರೆ. ದಿನವೂ ಹೆಣ ನೋಡುವವಳು ಇದನ್ನು ಬಿಟ್ಟಾಳೆಯೆ? ಜೀಪ್ನಿ ಬಸ್ಸು ಇಳಿದವಳೇ ಮೂಲೆಯ ಬೇಕರಿಗೆ ಹೋಗಿ ಬಿಸಿ ಬನ್ನು ಕೊಳ್ಳುತ್ತಿದ್ದಳು.

“ಇವತ್ತು ಯಾರ ಮನೇಲಮ್ಮಾ ಸಾವು?” ಬೇಕರಿಯ ಮುದುಕ ಮಾಂಗ್ ದಾದೊ ಛೇಡಿಸುವನು.

“ಒಂದು ಮನೆ ಆದ್ರೆ ಹೇಳ್ಬೋದಿತ್ತು,” ಎಂದು ನಗುವಳು. ನಕ್ಕ ಮೇಲೆ ಮನೆಗೆ ಹೋಗಲು ಧೈರ್ಯ ಬರುತ್ತಿತ್ತು.

ಆಮೇಲೆ ಕಂಪನಿಯವರು, ದೊಡ್ಡ ಉಪಕಾರ ಮಾಡಿದವರಂತೆ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದರು. ತಾಯಿ ಅರ್ಸೇನಿಯಾ ಹಿಗ್ಗಿದಳು. ಮಾರಿಬಿಕ್ ಹಿಗ್ಗಲಿಲ್ಲ. ಪುಟ್ಟ ಮಗಳು ತಾಲಾ ಮಲಗುವ ಕೋಣೆಯಲ್ಲೇ, ಪರದೆಯ ಮರೆಯಲ್ಲಿ, ಮೇಜು ಬಂದು ಕೂತಿತು. ಸಂಜೆ ಕೆಲಸ ಮುಗಿದೊಡನೆ ಬೇಕರಿಗೆ ಓಡುತ್ತಿದ್ದಳು. ಆದರೆ ತಿರುಗಿ ಬಂದಾಗ ಹೊಸ್ತಿಲಲ್ಲಿ ಕಾಲು ಏಳುತ್ತಿರಲಿಲ್ಲ. ಬಿಟ್ಟು ಹೋದದ್ದೂ ಈ ಮನೆ, ಸೇರಬೇಕಾದದ್ದೂ ಈ ಮನೆ.

ಒಂದು ಸಂಜೆ ನೆಲದ ಮೇಲೆ ಧೂಳು ಕಂಡು ಕೇಳಿದಳು: “ಏನಮ್ಮಾ, ಕಸ ಗುಡಿಸೋದೇ ಬಿಟ್ಟಿದೀಯಲ್ಲ?”

“ನೀನು ಅಲ್ಲಿ ಕೂತಿರೋವಾಗ ಹ್ಯಾಗೇ ಗುಡಿಸ್ಲಿ?” ಅರ್ಸೇನಿಯಾ ದನಿ ತಗ್ಗಿಸಿದಳು. “ಹೆಣ ಇರೋ ಮನೇನ ಯಾರಾದ್ರೂ ಗುಡಿಸ್ತಾರಾ?”

ಮಾರಿಬಿಕ್ ಚಪ್ಪಲಿ ಮೆಟ್ಟಿದಳು. ತಾಲಾ ಬಂದು ಸೆರಗಿನಂತೆ ಅವಳ ಅಂಗಿಯ ತುದಿ ಹಿಡಿದಳು.

“ನಾನೂ ಬೇಕರಿಗೆ ಬರ್ತೀನಮ್ಮಾ.”

“ಬನ್ನು ನಾನೇ ತರ್ತೀನಲ್ಲೇ ಬಂಗಾರ.”

“ಬನ್ನು ಬೇಡ. ನಾನೂ ಬೆಳಗಿಂದ ಇಲ್ಲೇ ಇದ್ದೆನಲ್ಲಾ.”

ಮಾರಿಬಿಕ್‌ಗೆ ಅಳು ಉಕ್ಕಿ ಬಂತು. ಮಗಳ ಕಾಲಿಗೆ ಚಪ್ಪಲಿ ತೊಡಿಸಿದಳು. ಅರ್ಸೇನಿಯಾ ಕೂಡ ಕೊಡೆ ಹಿಡಿದು ಹೊರಗೆ ಬಂದಳು. ಮನೆಗೆ ಬೀಗ ಹಾಕಿ ಮೂವರೂ ಬೇಕರಿಯತ್ತ ನಡೆದರು.