ವಾರಿಜಳಿಗೆ ಗಂಡು ನೋಡಿದ್ದು

ನನ್ನ ತಂಗಿ ವಾರಿಜಳ ಮದುವೆ ತಪ್ಪಿಸಿದ್ದು ಯಾವ ಪ್ರೇತವೂ ಅಲ್ಲ, ನಾನು. ವಾರಿಜ ಸತ್ತು ಆಗಲೇ ಮೂರು ವರ್ಷವಾಗಿತ್ತು, ಅದು ಬೇರೆ ವಿಷಯ.

ನಮ್ಮ ತುಳುವರಲ್ಲಿ ಮದುವೆಯಾಗದೆ ಸತ್ತವರಿಗೂ ಸಂಬಂಧ ಹುಡುಕುವುದುಂಟು. ಸತ್ತವಳಿಗೆ ಸತ್ತ ಗಂಡೇ ಆಗಬೇಕು. ಎರಡು ಕುರ್ಚಿ ಹಾಕಿ, ಒಂದರ ಮೇಲೆ ಅವಳ ಸೀರೆ, ಇನ್ನೊಂದರ ಮೇಲೆ ಅವನ ಪಂಚೆ ಶರ್ಟು ಇಟ್ಟು ಮದುವೆ ಮಾಡಿಸುತ್ತೇವೆ. ಪಡೀಲಿನ ನಮ್ಮ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಮಲಗಿದಾಗ ಜೋಯಿಸರು ವಾರಿಜಳ ಕಡೆ ಬೆರಳು ತೋರಿಸಿದರು. ಮಗ ಓಡಾಡಿ ಬಂಟ್ವಾಳದ ಕಡೆಯ ಒಂದು ಗಂಡು ಹುಡುಕಿದ. ಇಪ್ಪತ್ತರಲ್ಲಿ ಬಾವಿಗೆ ಬಿದ್ದು ಸತ್ತವನು, ಬದುಕಿದ್ದರೆ ಅರವತ್ತು. ಪ್ರೇತಗಳಿಗೂ ವಯಸ್ಸಾಗುತ್ತದೆ ಎಂದು ನಮ್ಮ ನಂಬಿಕೆ. ನಾನೂ ಒಪ್ಪಿದೆ.

ವಾರಿಜ ಬಿಜೈಯಲ್ಲಿ ನರ್ಸ್ ಐರಿನ್ ಬಾಯಿಯ ಜೊತೆ ಮೂವತ್ತು ವರ್ಷ ಇದ್ದಳು. ಎರಡು ಕೋಣೆಯ ಮನೆ, ಒಂದೇ ಮಂಚ. ಬಾಡಿಗೆ ಉಳಿಯುತ್ತದೆ ಎಂದು ನಾವು ಊರಿಗೆಲ್ಲ ಹೇಳುತ್ತಿದ್ದೆವು. ವಾರಿಜಳ ಹೆಣ ನಮ್ಮ ಮನೆಗೆ ಬಂದ ದಿನ ಐರಿನ್ ಬಾಯಿ ಗೇಟಿನ ಹೊರಗೆ ನಿಂತಿದ್ದರು. ನಾನು ಒಳಗೆ ಕರೆಯಲಿಲ್ಲ.

ಮದುವೆಗೆ ಎರಡು ದಿನ ಇರುವಾಗ, ಮಧ್ಯಾಹ್ನ ಊಟವಾದ ಮೇಲೆ, ಸೀರೆ ಹೇಗೆ ಕೂರುತ್ತದೆ ನೋಡುವ ಎಂದು ಕುರ್ಚಿಗೆ ಉಡಿಸಿದೆ. ಜಾರಿತು. ಫ್ಯಾನ್ ನಿಲ್ಲಿಸಿ ಮತ್ತೆ ಉಡಿಸಿದೆ. ಮತ್ತೆ ಜಾರಿತು. ರೇಷ್ಮೆ ಜಾರುತ್ತದೆ, ಅದರಲ್ಲಿ ಎಂಥದ್ದೂ ಇಲ್ಲ. ಆದರೂ ಪಿನ್ನು ಚುಚ್ಚಲು ನನಗೆ ಕೈ ಬರಲಿಲ್ಲ. ಒಳಗೆ ಯಾರಿಗೋ ನೋವಾಗುತ್ತದೆ ಎಂದು ಕಂಡಿತು.

ಮೊಮ್ಮಗಳು ಪ್ರಾಪ್ತಿ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ತನ್ನ ಕೈಯಲ್ಲಿದ್ದ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು. ಇಂಗ್ಲಿಷಿನಲ್ಲಿದ್ದ ಜಪಾನಿನ ಚಿತ್ರಕತೆ; ಮಾಂಗಾ ಎನ್ನುತ್ತಾರಂತೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು, ಇಂಗ್ಲಿಷ್ ಬಾರದು. ಚಿತ್ರ ನೋಡಲು ಯಾವ ಕ್ಲಾಸೂ ಬೇಡ. ಒಂದು ಹಳೆಯ ಮನೆ, ಸಂಬಂಧವೇ ಇಲ್ಲದ ನಾಲ್ಕು ಜನ, ಒಂದು ಒಲೆ. ನಾಲ್ವರಲ್ಲಿ ಒಬ್ಬಳಿಗೆ ಕಾಲಿಲ್ಲ. ನಮ್ಮ ಪ್ರೇತಕ್ಕೆ ಕಾಲು ತಿರುಗಿರುತ್ತದೆ, ಅವರದಕ್ಕೆ ಕಾಲೇ ಇರುವುದಿಲ್ಲ ಎಂದು ಕಾಣುತ್ತದೆ. ಅವಳ ಮುಂದೆಯೂ ಒಂದು ಬಟ್ಟಲು ಅನ್ನ. ಪುಟ ತಿರುಗಿಸಿದ ಹಾಗೆ ಯಾರೂ ಮುಟ್ಟದೆ ಅನ್ನ ಹೆಚ್ಚುತ್ತಾ ಹೋಯಿತು. ಆ ಪುಸ್ತಕವನ್ನು ಬಲಗಡೆಯಿಂದ ಓದಬೇಕು, ಆಗ ಅನ್ನ ಕಡಿಮೆಯಾಗುತ್ತಾ ಹೋಗುತ್ತದೆ ಎಂದಳು ಪ್ರಾಪ್ತಿ. ಹೇಗೆ ಓದಿದರೂ ಆ ಬಟ್ಟಲು ಸತ್ತವಳದ್ದೇ.

ಕಾಲಿಲ್ಲದವಳಿಗೆ ಒರಗಿ ಕೂತ ಇನ್ನೊಬ್ಬ ಹೆಂಗಸನ್ನು ತೋರಿಸಿ, ಅಕ್ಕ ತಂಗಿಯಾ ಎಂದು ಕೇಳಿದೆ.

"ಅಲ್ಲ ಅಜ್ಜಿ, ಜೋಡಿ. ಗಂಡ ಹೆಂಡತಿ ಇದ್ದ ಹಾಗೆ. ಸ್ವಂತ ಮನೆಯವರು ಬೇಡ ಅಂದ್ರು. ಈಗ ಇವರೇ ಇವರಿಗೆ ಮನೆಯವರು."

"ಸತ್ತವಳು ಇಲ್ಲೇ ಯಾಕೆ ಇದ್ದಾಳೆ?"

"ಅವಳ ಮನೆಯವರು ಬಂದು ಕರೀತಾರೆ. ಅವಳು ಹೋಗುವುದಿಲ್ಲ." ಪುಟ ತಿರುಗಿಸಿ, "ಅಜ್ಜಿ, ಈ ಮದುವೆಯ ವಿಷಯ ಐರಿನ್ ಬಾಯಿಗೆ ಗೊತ್ತುಂಟಾ?" ಎಂದಳು.

ಗೊತ್ತಿರಲಿಲ್ಲ. ಯಾರು ಹೇಳುತ್ತಾರೆ? ಬಿಜೈಯ ಆ ಮನೆಯಲ್ಲಿ ಈಗಲೂ ಎರಡು ತಟ್ಟೆ ಇಡುತ್ತಾರೋ ಏನೋ ಎಂಬ ಯೋಚನೆ ಬಂತು. ಇಡುತ್ತಿದ್ದರೆ, ನಾವು ಆ ತಟ್ಟೆಯ ಎದುರಿನಿಂದ ವಾರಿಜಳನ್ನು ಎಬ್ಬಿಸಿ ಗುರುತಿಲ್ಲದ ಗಂಡಸಿನ ಜೊತೆ ಕಳಿಸುವವರು. ಬದುಕಿದ್ದಾಗ ಒಮ್ಮೆಯೂ ನಮಗೆ ಹಾಗೆ ಮಾಡಲು ಆಗಿರಲಿಲ್ಲ. ಈಗ ಅವಳಿಗೆ ಬಾಯಿಲ್ಲ ಎಂದು ಧೈರ್ಯ. ಕುರ್ಚಿ ನೋಡಿದೆ. ಸೀರೆ ನೆಲದಲ್ಲಿತ್ತು, ಮುಖ ಗೋಡೆಗೆ ತಿರುಗಿಸಿ ಮಲಗಿದವರ ಹಾಗೆ.

ಮರುದಿನ ಬೆಳಿಗ್ಗೆ ಮಗ ಏಳುವ ಮೊದಲು ಗಂಡಿನ ಅಕ್ಕನಿಗೆ ಫೋನ್ ಮಾಡಿ, ಸಂಬಂಧ ಬೇಡ, ನಮ್ಮ ಹುಡುಗಿಗೆ ಮೊದಲೇ ಮದುವೆಯಾಗಿದೆ ಎಂದೆ. ಆಕೆ, ಎಷ್ಟಾದರೂ ಬೀಗಿತ್ತಿಯಾಗಬೇಕಿದ್ದವಳು, ಮರ್ಯಾದೆಗೆ ಕೇಳಿದಳು:

"ಹೌದಾ? ಅವರಿಗೆ ಎಂತ ಕೆಲಸ?"

"ನರ್ಸ್," ಎಂದೆ. "ಈಗ ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ."